ತಾಳವನ್ನು ಆರಿಸುವ ಬಗೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಸುತ್ತಿ ನೋಡುವವರ ದೃಷ್ಟಿ ಸಾಮಾನ್ಯವಾಗಿ ನರ್ತಿಸುತ್ತಿರುವ ಶಿವ, ಗಣಪತಿ, ಸರಸ್ವತಿಯರ ದೊಡ್ಡ ಮೂರ್ತಿಗಳ ಮೇಲೆಯೇ ನಿಲ್ಲುತ್ತದೆ. ಆ ಮೂರ್ತಿಗಳ ಕಾಲ ಬಳಿ ಚಿಕ್ಕ ಚಿಕ್ಕ ವಾದಕರು ನಿಂತಿರುವುದನ್ನು ಗಮನಿಸುವವರು ವಿರಳ. ಒಬ್ಬನ ಕೊರಳಲ್ಲಿ ಮದ್ದಳೆ. ಇನ್ನೊಬ್ಬನ ಎದೆಯ ಮಟ್ಟದಲ್ಲಿ, ಎರಡು ಕೈಗಳ ನಡುವೆ, ಅಂಗೈಯಗಲದ ಒಂದು ಜೊತೆ ತಾಳ. ನರ್ತನವಿದ್ದೆಡೆಯಲ್ಲಿ ಇವರಿಲ್ಲದೆ ಶಿಲ್ಪಿಗೆ ಸಮಾಧಾನವಾಗಿಲ್ಲ. ಕೆಲವು ವರ್ಷಗಳ ಹಿಂದೆ ಈ ಲೇಖಕನು ವಿದ್ಯಾರ್ಥಿಗಳ ಒಂದು ತಂಡದೊಡನೆ ಅಲ್ಲಿಗೆ ಹೋಗಿದ್ದಾಗ, ಕಾಲೇಜಿನ ವಾದ್ಯಮೇಳದಲ್ಲಿ ಡ್ರಮ್ ಸೆಟ್ ಬಾರಿಸುವ ಹುಡುಗನೊಬ್ಬನು ಆ ತಾಳಧಾರಿಯನ್ನು ಬಹಳ ಹೊತ್ತು ನೋಡಿ, "ಇವನು ತನ್ನ ತಾಳವನ್ನು ಹೇಗೆ ಆರಿಸಿಕೊಂಡನು, ಸಾರ್?" ಎಂದು ಕೇಳಿದನು. ತಾನು ಹೊಸ ಸಿಂಬಲ್ ಕೊಳ್ಳಬೇಕೆಂದಿದ್ದು, ಹತ್ತು ಜನ ಹತ್ತು ಬಗೆ ಹೇಳಿ ಕಡೆಗೆ "ಎಲ್ಲವೂ ನಿನ್ನ ಇಷ್ಟ" ಎಂದು ಮುಗಿಸುತ್ತಾರೆಂದೂ ಹೇಳಿದನು. ಅಂದು ಕೊಟ್ಟ ಉತ್ತರವು ಅಪೂರ್ಣವಾಗಿತ್ತು. ಅದನ್ನು ತಕ್ಕಮಟ್ಟಿಗೆ ಪೂರ್ಣಗೊಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಶಾಸ್ತ್ರಕಾರರು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆಂಬುದು ವಿದಿತವೇ ಆಗಿದೆ. ಈ ವಿಭಾಗವು ಭರತನ ನಾಟ್ಯಶಾಸ್ತ್ರದಷ್ಟು ಹಳೆಯದು. ಘನವೆಂದರೆ ಲೋಹದ ಗಟ್ಟಿ ಮೈಯೇ ನಾದ ಕೊಡುವ ವಾದ್ಯ. ಅದಕ್ಕೆ ತಂತಿಯೂ ಬೇಡ, ಚರ್ಮವೂ ಬೇಡ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ವಾದ್ಯಾಧ್ಯಾಯದಲ್ಲಿ ಘನವಾದ್ಯಗಳನ್ನು ಎಣಿಸುವಾಗ ತಾಳ ಮತ್ತು ಕಾಂಸ್ಯತಾಳ ಎಂದು ಎರಡನ್ನು ಬೇರೆ ಬೇರೆಯಾಗಿಯೇ ಹೆಸರಿಸುತ್ತಾನೆ. ಸೇವುಣರು ಹೊಯ್ಸಳರಿಗೆ ನೆರೆಯವರು, ಎದುರಾಳಿಗಳು. ಅರಸರು ಕಾದಾಡಿದರೂ ವಾದ್ಯಗಳು ಗಡಿಗಳನ್ನು ದಾಟುತ್ತಲೇ ಇದ್ದಿರಬೇಕು. ಒಂದೇ ಜಾತಿಯ ವಾದ್ಯದಲ್ಲಿ ಎರಡು ಬಗೆಗಳನ್ನು ಹೆಸರಿಟ್ಟು ಬೇರ್ಪಡಿಸಬೇಕಾದಷ್ಟು ಬಳಕೆಯ ವ್ಯತ್ಯಾಸ ಅಂದೇ ಇತ್ತೆಂಬುದು ಇಲ್ಲಿ ನಮಗೆ ಮುಖ್ಯ. ಆ ಕಾಂಸ್ಯತಾಳವೇ ಜನರ ನಾಲಗೆಯಲ್ಲಿ ಕಂಸಾಳೆಯಾಗಿ ಮಲೆಯ ಮಹದೇಶ್ವರನ ದೇವರಗುಡ್ಡರ ಕೈಯಲ್ಲಿ ಇಂದಿಗೂ ಉಳಿದಿದೆ.

ಕಲ್ಲಿನಿಂದ ತಿಳಿಯುವುದೆಷ್ಟು, ತಿಳಿಯದಿರುವುದೆಷ್ಟು ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬೇಲೂರಿನ ಚೆನ್ನಕೇಶವ ದೇವಾಲಯವು ೧೧೧೭ರಲ್ಲಿ ವಿಷ್ಣುವರ್ಧನನಿಂದ ಪ್ರತಿಷ್ಠಿತವಾಯಿತು. ಹಳೇಬೀಡಿನ ದೇವಾಲಯದ ಕೆಲಸ ಅದಾದ ಕೆಲವೇ ವರ್ಷಗಳಲ್ಲಿ ಮೊದಲಾಯಿತು. ಬಳಪದ ಕಲ್ಲು ಮೃದುವಾದುದರಿಂದ ಶಿಲ್ಪಿಯು ತಾಳದ ನಡುವಿನ ಉಬ್ಬನ್ನೂ ಬೆರಳುಗಳ ಮಡಿಕೆಯನ್ನೂ ಬಿಡದೆ ಕಡೆದಿದ್ದಾನೆ. ತಾಳದ ಅಗಲವನ್ನು ಹಿಡಿದವನ ಅಂಗೈಗೆ ಹೋಲಿಸಿ ಅಳೆಯಬಹುದು. ಕೈ ಎತ್ತರವನ್ನೂ ನೋಡಬಹುದು. ಆದರೆ ದಪ್ಪವೆಷ್ಟು, ಲೋಹದಲ್ಲಿ ತವರವೆಷ್ಟು, ಅದರ ಸ್ವರ ಯಾವುದು ಎಂಬುದನ್ನು ಕಲ್ಲು ಹೇಳಲಾರದು. ಶಿಲ್ಪವನ್ನು ನೋಡಿ ಹನ್ನೆರಡನೆಯ ಶತಮಾನದ ನಾದವನ್ನೇ ಕೇಳಿದಂತೆ ಬರೆಯುವ ಉತ್ಸಾಹಿಗಳಿದ್ದಾರೆ. ಅವರ ಭಕ್ತಿ ಮೆಚ್ಚತಕ್ಕದ್ದೇ, ವಾದ ಒಪ್ಪತಕ್ಕದ್ದಲ್ಲ. ಕಲ್ಲು ಬಿಟ್ಟ ಭಾಗವನ್ನು ಲೋಹದ ಗುಣದಿಂದಲೂ ಇಂದು ತಾಳ ಹಿಡಿಯುವವರ ರೂಢಿಯಿಂದಲೂ ತುಂಬಿಕೊಳ್ಳಬೇಕು.

ಮೊದಲು ಲೋಹ. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಹೊಳಪಿನ ತಾಳಗಳು ಬಹುಮಟ್ಟಿಗೆ ಹಿತ್ತಾಳೆಯವು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ನಿಜವಾದ ತಾಳದ ಲೋಹ ಕಂಚು, ಅಂದರೆ ತಾಮ್ರ ಮತ್ತು ತವರ. ಗಂಟೆಗೂ ತಾಳಕ್ಕೂ ಒಗ್ಗುವ ಕಂಚಿನಲ್ಲಿ ತವರವು ನೂರಕ್ಕೆ ೨೦ರಿಂದ ೨೨ರಷ್ಟಿರುತ್ತದೆ. ಇಷ್ಟು ತವರವಿರುವ ಕಂಚಿನಲ್ಲಿ ಒಳಘರ್ಷಣೆ ಬಹಳ ಕಡಿಮೆ. ಒಮ್ಮೆ ತಟ್ಟಿದ ಕಂಪನವು ಲೋಹದೊಳಗೆ ಶಾಖವಾಗಿ ಬೇಗ ಸವೆಯುವುದಿಲ್ಲ. ಆದುದರಿಂದ ನಾದ ಬಹಳ ಹೊತ್ತು ನಿಲ್ಲುತ್ತದೆ. ಹಿತ್ತಾಳೆಯಲ್ಲಿ ಅದು ಬೇಗ ಅಡಗುತ್ತದೆ. ಆದರೆ ಈ ಗುಣಕ್ಕೆ ತೆರಬೇಕಾದ ಬೆಲೆಯೂ ಉಂಟು. ಹೆಚ್ಚು ತವರದ ಕಂಚನ್ನು ಮೆಲ್ಲನೆ ಆರಲು ಬಿಟ್ಟರೆ ಅದು ಗಾಜಿನಂತೆ ಪೆಡಸಾಗಿ ಕೈ ತಪ್ಪಿ ಬಿದ್ದರೆ ಸಾಕು, ಸೀಳುತ್ತದೆ. ಕೆಂಪಗೆ ಕಾಸಿ ಒಮ್ಮೆಲೇ ನೀರಿನಲ್ಲಿ ಅದ್ದಿದರೆ ಪೆಡಸುತನ ತಗ್ಗುತ್ತದೆ. ಉಕ್ಕಿಗೆ ನೀರು ಕುಡಿಸಿದರೆ ಅದು ಗಡುಸಾಗುತ್ತದೆ. ಈ ಕಂಚಿನಲ್ಲಿ ಆಗುವುದು ಅದಕ್ಕೆ ವಿರುದ್ಧ. ದಕ್ಷಿಣ ಭಾರತದ ಕಂಚುಗಾರರಿಗೆ ಈ ಮರ್ಮ ಬಹು ಪ್ರಾಚೀನ ಕಾಲದಿಂದ ತಿಳಿದಿತ್ತೆಂಬುದಕ್ಕೆ ನೀಲಗಿರಿಯ ಸಮಾಧಿಗಳಲ್ಲಿ ದೊರೆತ ಹೆಚ್ಚು ತವರದ ಕಂಚಿನ ಪಾತ್ರೆಗಳು ಸಾಕ್ಷಿ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ಈ ವಿಷಯವನ್ನು ವಿಸ್ತಾರವಾಗಿ ಪರಿಶೋಧಿಸಿದ್ದಾರೆ.

ಎರಡನೆಯದು ಅಳತೆ. ಚಪ್ಪಟೆಯಾದ ದುಂಡು ತಗಡಿನ ಕಂಪನಸಂಖ್ಯೆಯು ಅದರ ದಪ್ಪಕ್ಕೆ ಅನುಲೋಮವಾಗಿಯೂ ವ್ಯಾಸದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆ. ದಪ್ಪ ಇಮ್ಮಡಿಯಾದರೆ ಸ್ವರ ಒಂದು ಸ್ಥಾಯಿ ಏರುತ್ತದೆ; ವ್ಯಾಸ ಇಮ್ಮಡಿಯಾದರೆ ಎರಡು ಸ್ಥಾಯಿ ಇಳಿಯುತ್ತದೆ. ಒಂದೇ ದಪ್ಪದ ಎರಡು ತಾಳಗಳಲ್ಲಿ ಒಂದರ ವ್ಯಾಸ ೬ ಸೆಂಟಿಮೀಟರ್, ಇನ್ನೊಂದರದು ೮ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಸ್ವರಗಳ ಪ್ರಮಾಣ ೬೪ಕ್ಕೆ ೩೬, ಅಂದರೆ ೧೬ಕ್ಕೆ ೯. ದೊಡ್ಡದು ಷಡ್ಜವನ್ನು ನುಡಿದರೆ ಚಿಕ್ಕದು ಕೈಶಿಕಿ ನಿಷಾದವನ್ನು ನುಡಿದಂತಾಯಿತು. ಕೈಗೆ ಎರಡು ಸೆಂಟಿಮೀಟರಿನ ಭೇದ ಅಲ್ಪ. ಕಿವಿಗೆ ಅದು ಸ್ಥಾಯಿಗೆ ಒಂದು ಸ್ವರ ಮಾತ್ರ ಕಡಿಮೆಯಾದಷ್ಟು ದೂರ. ನಡುವಿನ ಉಬ್ಬು ಮತ್ತು ಅಂಚಿನ ಬಾಗು ಈ ಲೆಕ್ಕವನ್ನು ಸ್ವಲ್ಪ ವ್ಯತ್ಯಾಸಗೊಳಿಸುತ್ತವೆಯಾದರೂ ದಿಕ್ಕು ಇದೇ. ಇನ್ನೊಂದು ವಿಷಯ: ಮೃದಂಗದ ಕರಣೆಯಿಂದಾಗಿ ಅದರ ಮೇಲಿನ ಸ್ವರಗಳು ಮೂಲಸ್ವರದ ಸರಿಯಾದ ಗುಣಕಗಳಾಗಿ ಬರುತ್ತವೆಂಬುದನ್ನು ಸರ್ ಸಿ. ವಿ. ರಾಮನ್ ಅವರು ೧೯೨೦ರಲ್ಲಿಯೂ ಮತ್ತೆ ೧೯೩೪ರಲ್ಲಿಯೂ ತೋರಿಸಿದರು. ತಾಳಕ್ಕೆ ಆ ಭಾಗ್ಯವಿಲ್ಲ. ಅದರ ಮೇಲಿನ ಸ್ವರಗಳು ಒಂದಕ್ಕೊಂದು ಲೆಕ್ಕಕ್ಕೆ ಸಿಕ್ಕದಂತೆ ಚದರಿರುತ್ತವೆ. ಚಿಕ್ಕದಾಗಿ ದಪ್ಪನಾದ ತಾಳದಲ್ಲಿ ಅವು ಬಹು ಮೇಲೆ ಹೋಗಿ ಒಂದೇ ಸ್ವರ ನಿಚ್ಚಳವಾಗಿ ಕೇಳುತ್ತದೆ. ಅಗಲವಾಗಿ ತೆಳ್ಳಗಾದಂತೆಲ್ಲ ಅವು ಒಂದರ ಮೇಲೊಂದು ಒತ್ತರಿಸಿ ಸ್ವರವಳಿದು ಝೇಂಕಾರ ಮಾತ್ರ ಉಳಿಯುತ್ತದೆ.

ಇದರಿಂದ ಹಾಡುವವನಿಗೊಂದು ಪ್ರಯೋಜನವೂ ಒಂದು ಅಪಾಯವೂ ಉಂಟು. ಮನುಷ್ಯನ ಕಿವಿ ಸೆಕೆಂಡಿಗೆ ೨೦೦೦ದಿಂದ ೫೦೦೦ದವರೆಗಿನ ಕಂಪನಗಳಿಗೆ ಅತ್ಯಂತ ಚುರುಕು. ಚಿಕ್ಕ ತಾಳದ ನಾದ ಈ ಮೇರೆಯೊಳಗೆ ಬೀಳುವುದರಿಂದ ಮೆಲ್ಲನೆ ತಟ್ಟಿದರೂ ಮದ್ದಳೆಯ ಮೊಳಗನ್ನು ದಾಟಿ ಕೇಳುತ್ತದೆ. ಆದರೆ ಸ್ವರ ನಿಚ್ಚಳವಾದಷ್ಟೂ ಅದು ಶ್ರುತಿಗೆ ಹೊಂದಿರಬೇಕು. ಶ್ರುತಿಗೆ ಹತ್ತಿರವಿದ್ದು ಸೇರದ ತಾಳವು ಭಾಗವತನಿಗೆ ಇಡೀ ರಾತ್ರಿಯ ತಲೆನೋವು. ಝೇಂಕಾರದ ತಾಳಕ್ಕೆ ಈ ದೋಷವಿಲ್ಲ, ಆದರೆ ಅದು ಸಾಹಿತ್ಯದ ಅಕ್ಷರಗಳನ್ನು ಮುಚ್ಚುತ್ತದೆ. ಅರಸೀಕೆರೆ, ತಿಪಟೂರುಗಳ ಕಡೆಯ ಮೂಡಲಪಾಯದಲ್ಲಿ ತಾಳವು ಮುಖವೀಣೆಯ ಏರುದನಿಯ ಜೊತೆ ಬಯಲಿನಲ್ಲಿ ಕೇಳಬೇಕು. ವೀರಗಾಸೆಯಲ್ಲಿ ಸಂಬಾಳ, ಕರಡೆಗಳ ಅಬ್ಬರದ ನಡುವೆ ಕೇಳಬೇಕು. ಮನೆಯ ಪಡಸಾಲೆಯ ಭಜನೆಯಲ್ಲಿ ನಾಲ್ಕು ಕಂಠಗಳ ಕೆಳಗೆ ಅಡಗಿರಬೇಕು. ಮೂರಕ್ಕೂ ಒಂದೇ ತಾಳ ಸಲ್ಲದು. ಇಲ್ಲಿಯವರೆಗೆ "ನನ್ನ ಇಷ್ಟ" ಎಂಬ ಮಾತಿಗೆ ಅವಕಾಶವೇ ಬಂದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಸ್ಥಳವೂ ಅಷ್ಟೇ ಮುಖ್ಯ. ಅರಸೀಕೆರೆಯ ಈಶ್ವರ ದೇವಾಲಯದ (೧೨೨೦) ನಕ್ಷತ್ರಾಕಾರದ ಮುಖಮಂಟಪವು ತೆರೆದದ್ದು. ಅಲ್ಲಿ ತಟ್ಟಿದ ನಾದ ಕಂಬಗಳ ನಡುವೆ ಹೊರಕ್ಕೆ ಹರಿದುಹೋಗುತ್ತದೆ. ಬೇಲೂರಿನ ನವರಂಗವೂ ಮೊದಲು ತೆರೆದೇ ಇದ್ದು, ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರದ ಗೋಡೆಗಳಿಂದ ಮುಚ್ಚಲ್ಪಟ್ಟಿತು. ನಯಗೊಳಿಸಿದ ಕಲ್ಲು ನಾದವನ್ನು ಹೀರುವುದಿಲ್ಲ, ಹಿಂದಿರುಗಿಸುತ್ತದೆ. ಒಳಗೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ಆಲಿಸಿದರೆ, ಬಹಳ ಹೊತ್ತು ನಿಲ್ಲುವ ತಾಳ ಅಲ್ಲಿ ಏಕೆ ಬೇಡವೆಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ನವರಂಗದ ನಡುವಣ ದುಂಡು ಕಲ್ಲಿನ ಮೇಲೆ ನರ್ತಿಸಿದವರಿಗೆ ಗೋಡೆ ಎದ್ದ ಮೇಲೆ ಹೊಸ ತಾಳ ಬೇಕಾಯಿತೇ ಎಂದು ಊಹಿಸುವುದು ಮನೋಹರವಾಗಿದೆ. ಊಹೆಯಾಗಿಯೇ ಅದನ್ನು ಬಿಡೋಣ.

ಇನ್ನು ಕೈ. ಒಂದೇ ಜೊತೆಯನ್ನು ಇಬ್ಬರಿಗೆ ಕೊಟ್ಟರೆ ಎರಡು ನಾದ ಬರುತ್ತದೆ. ಹೊಸಬರು ಮಾಡುವ ತಪ್ಪು ಎರಡು. ಬಿಲ್ಲೆಗಳನ್ನು ಮುಖಕ್ಕೆ ಮುಖ ಸರಿಯಾಗಿ ಕೂಡಿಸಿ ತಟ್ಟುತ್ತಾರೆ. ನಡುವೆ ಗಾಳಿ ಸಿಕ್ಕಿಬಿದ್ದು ನಾದದ ಬದಲು ಮಂಕಾದ ಸದ್ದು ಬರುತ್ತದೆ. ಒಂದನ್ನು ಕೊಂಚ ಓರೆಯಾಗಿ, ಅಂಚು ಅಂಚನ್ನು ಮುಟ್ಟುವಂತೆ ತಟ್ಟಬೇಕು. ಎರಡನೆಯದು, ಬಿಲ್ಲೆಯನ್ನೇ ಬಿಗಿಯಾಗಿ ಹಿಡಿಯುವುದು. ಹಿಡಿಯಬೇಕಾದುದು ದಾರವನ್ನು, ಬಿಲ್ಲೆ ತೂಗುತ್ತಿರಬೇಕು. ಅಂಗೈ ತಗುಲಿದರೆ ನಾದ ಅಡಗುತ್ತದೆ, ಬೇಕಾದಾಗ ಅಡಗಿಸುವುದಕ್ಕೂ ಅದೇ ಉಪಾಯ. ಬೀಸುಕಂಸಾಳೆಯವನು ಎಡಗೈಯಲ್ಲಿ ಬಟ್ಟಲಿನಂಥ ಬಿಲ್ಲೆಯನ್ನು ಹಿಡಿದು, ಬಲಗೈಯ ದಾರದ ತುದಿಯ ಬಿಲ್ಲೆಯನ್ನು ಬೀಸಿ ಅದರ ಮೇಲೆ ಬೀಳಿಸುತ್ತಾನೆ. ಅವನಿಗೆ ದಾರದ ಉದ್ದವೇ ಲಯ. ಭರತನಾಟ್ಯದ ನಟ್ಟುವಾಂಗದಲ್ಲಿ ಒಂದು ಬಿಲ್ಲೆ ಕಂಚಿನದು, ತಟ್ಟುವ ಬಿಲ್ಲೆ ಕಬ್ಬಿಣದ್ದು. ಅಲ್ಲಿ ಝೇಂಕಾರಕ್ಕಿಂತ ಪೆಟ್ಟಿನ ಕಚಿತತೆ ಮುಖ್ಯ. ಹಳೇಬೀಡಿನ ಶಿಲ್ಪದ ಮುಂದೆ ನಿಲ್ಲುವ ವಿದ್ಯಾರ್ಥಿಯು ನೋಡಬೇಕಾದುದು ಇದನ್ನೇ: ಬೆರಳು ಬಿಲ್ಲೆಯನ್ನು ತಬ್ಬಿದೆಯೇ, ದಾರವನ್ನು ಹಿಡಿದಿದೆಯೇ? ಬಿಲ್ಲೆಗಳು ಎದುರುಬದುರಾಗಿವೆಯೇ, ಮೇಲೆ ಕೆಳಗಿವೆಯೇ?

ಈ ಮಾತುಗಳು ಕೈತಾಳಕ್ಕೆ ಮಾತ್ರ ಸಂಬಂಧಿಸಿದುವಲ್ಲ. ನಮ್ಮ ಹುಡುಗನು ಕೊಳ್ಳಬೇಕೆಂದಿದ್ದ ಸಿಂಬಲ್ ಇದೇ ಘನವಾದ್ಯದ ದೂರದ ದಾಯಾದಿ. ಇಸ್ತಾಂಬುಲ್ ನಗರದ ಆವೆದಿಸ್ ಎಂಬ ಅರ್ಮೇನಿಯನ್ ಕಮ್ಮಾರನ ಮನೆತನ ಹದಿನೇಳನೆಯ ಶತಮಾನದ ಮೊದಲ ಭಾಗದಿಂದ ಸಿಂಬಲ್ ತಯಾರಿಸುತ್ತ ಬಂದು, ಸುಲ್ತಾನನಿಂದ ಜಿಲ್ಜಿಯನ್ ಎಂಬ ಹೆಸರನ್ನು ಪಡೆದು, ೧೯೨೯ರಲ್ಲಿ ಅಮೆರಿಕದಲ್ಲಿ ನೆಲಸಿತು. ಅವರ ಲೋಹವೂ ನೂರಕ್ಕೆ ೮೦ ತಾಮ್ರ, ೨೦ ತವರದ ಕಂಚೇ. ಅಗ್ಗದ ಸಿಂಬಲ್‌ಗಳಲ್ಲಿ ತವರ ೮ಕ್ಕೆ ಇಳಿಯುತ್ತದೆ, ಇನ್ನೂ ಅಗ್ಗದವು ಹಿತ್ತಾಳೆಯವು. ಡ್ರಮ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಸಿಂಬಲ್‌ಗಳಿರುತ್ತವೆ. ಕಾಲಿನಿಂದ ತೆರೆದು ಮುಚ್ಚುವ ೧೪ ಅಂಗುಲದ ಜೋಡಿ ಹೈ-ಹ್ಯಾಟ್. ಲಯವನ್ನು ಎಡೆಬಿಡದೆ ಎಣಿಸುವ ೨೦ರಿಂದ ೨೨ ಅಂಗುಲದ ರೈಡ್. ಒತ್ತು ಬೀಳುವಲ್ಲಿ ಸಿಡಿಯುವ ೧೬ರಿಂದ ೧೮ ಅಂಗುಲದ ಕ್ರ್ಯಾಶ್. ತೆಳುವಾದ ಕ್ರ್ಯಾಶ್ ಹಗುರ ಪೆಟ್ಟಿಗೇ ಬೇಗ ಅರಳಿ ಬೇಗ ಅಡಗುತ್ತದೆ. ದಪ್ಪನೆಯದು ತಡವಾಗಿ ಅರಳಿ ಬಹಳ ಹೊತ್ತು ನಿಲ್ಲುತ್ತದೆ. ದಪ್ಪನೆಯ ರೈಡಿನಲ್ಲಿ ಕಡ್ಡಿಯ ಪ್ರತಿ ಪೆಟ್ಟೂ ಎಣಿಸುವಂತಿರುತ್ತದೆ. ತೆಳ್ಳನೆಯದರಲ್ಲಿ ಪೆಟ್ಟು ಝೇಂಕಾರದೊಳಗೆ ಕರಗುತ್ತದೆ. ಕ್ರ್ಯಾಶನ್ನು ನೇರವಾಗಿ ಹೊಡೆಯದೆ ಸವರಿದಂತೆ ಹೊಡೆಯಬೇಕು, ಮೇಲಿನ ತಿರುಪನ್ನು ಬಿಗಿಯಬಾರದು. ಬಿಗಿದ ಸಿಂಬಲ್ ತೂಗಲಾರದೆ ಸೀಳುತ್ತದೆ. ದಾರವನ್ನು ಹಿಡಿ, ಬಿಲ್ಲೆಯನ್ನು ಹಿಡಿಯಬೇಡ ಎಂಬುದೇ ಇಲ್ಲಿ ತಿರುಪಿನ ರೂಪ ತಾಳಿದೆ.

ಹಾಗಾದರೆ ರುಚಿಗೆ ಎಡೆಯೆಲ್ಲಿ? ಎಡೆಯುಂಟು, ಆದರೆ ಕಡೆಯಲ್ಲಿ. ಯಾರ ಜೊತೆ, ಎಲ್ಲಿ, ಯಾವ ಕೆಲಸಕ್ಕೆ ಎಂಬ ಮೂರು ಪ್ರಶ್ನೆಗಳು ನೂರು ತಾಳಗಳಲ್ಲಿ ತೊಂಬತ್ತನ್ನಾದರೂ ತಳ್ಳಿಹಾಕುತ್ತವೆ. ಉಳಿದವುಗಳಲ್ಲಿ ಯಾವುದೂ ತಪ್ಪಲ್ಲ. ಅಲ್ಲಿ ವಾದಕನ ಕಿವಿಯೇ ಅರಸು, ಅಲ್ಲಿ ಅವನಿಗೆ ಉಪದೇಶ ಮಾಡುವುದು ಅಧಿಕಪ್ರಸಂಗ. ತೊಂದರೆಯೆಂದರೆ ಜನ ಇದನ್ನು ತಲೆಕೆಳಗಾಗಿ ಮಾಡುತ್ತಾರೆ. ಅಂಗಡಿಯಲ್ಲಿ ಒಬ್ಬರೇ ನಿಂತು, ಎದೆಯ ಹತ್ತಿರ ಹಿಡಿದು, ಒಮ್ಮೆ ತಟ್ಟಿ, ಬಹಳ ಹೊತ್ತು ನಾದ ನಿಂತುದನ್ನು ಮೆಚ್ಚಿ ಕೊಳ್ಳುತ್ತಾರೆ. ಒಂಟಿಯಾಗಿ ಇಂಪಾದುದು ಮೇಳದಲ್ಲಿ ಇಂಪಾಗಬೇಕೆಂಬ ನಿಯಮವಿಲ್ಲ; ಒಂಟಿಯಾಗಿ ಒರಟಾಗಿ ಕೇಳಿದ ತಾಳವೇ ಮದ್ದಳೆಯ ಜೊತೆ ಹದವಾಗಿ ಕೂರುವುದುಂಟು. ಸಾಧ್ಯವಾದರೆ ಹಾಡುವವನನ್ನೂ ಚರ್ಮವಾದ್ಯದವನನ್ನೂ ಕರೆದೊಯ್ಯಬೇಕು, ಒಬ್ಬ ಗೆಳೆಯನಿಂದ ಬಾರಿಸಿಸಿ ತಾನು ಇಪ್ಪತ್ತು ಹೆಜ್ಜೆ ದೂರ ನಿಂತು ಕೇಳಬೇಕು. ಹತ್ತಿರದ ಕಿವಿ ಪೆಟ್ಟನ್ನು ಕೇಳುತ್ತದೆ. ದೂರದ ಕಿವಿ ನಾದವನ್ನು ಕೇಳುತ್ತದೆ.

ಇದನ್ನು ಬರೆಯುತ್ತಿರುವವನು ಈ ಪಾಠವನ್ನು ಕಲಿತದ್ದು ಗ್ರಂಥದಿಂದಲ್ಲ. ಅರಸೀಕೆರೆಯ ಕಡೆಯ ನಮ್ಮ ಹಳ್ಳಿಯ ಭಜನೆಮನೆಯಲ್ಲಿ ತಲೆಮಾರುಗಳಿಂದ ಬಂದ ಒಂದು ಜೊತೆ ಕಂಚಿನ ತಾಳವಿತ್ತು. ಒಂದು ಶ್ರಾವಣದಲ್ಲಿ ಅದರ ಒಂದು ಬಿಲ್ಲೆ ಮೆಟ್ಟಿಲ ಮೇಲೆ ಬಿದ್ದು ಸೀಳಿತು. ಪೇಟೆಯಿಂದ ಅಷ್ಟೇ ಅಗಲದ ಹಿತ್ತಾಳೆಯ ಬಿಲ್ಲೆಯೊಂದನ್ನು ನಾನೇ ಆರಿಸಿ ತಂದೆ; ಅಂಗಡಿಯಲ್ಲಿ ಅದು ಚೆನ್ನಾಗಿಯೇ ಕೇಳಿತ್ತು. ಭಜನೆಯಲ್ಲಿ ಹಳೆಯದು ನುಡಿಯುತ್ತಿರುವಾಗಲೇ ಹೊಸದು ಅಡಗಿಹೋಗುತ್ತಿತ್ತು; ಸ್ವರಗಳೂ ಕೂಡಲಿಲ್ಲ. ಎರಡು ವಾರ ಸಹಿಸಿ, ಹಳೆಯದನ್ನು ತೂಕಕ್ಕೆ ಹಾಕಿ ಹೊಸ ಜೋಡಿಯನ್ನೇ ತರೋಣವೆಂದು ಎಲ್ಲರೂ ನಿಶ್ಚಯಿಸಿದರು. ಹಳ್ಳಿಗಳ ಕಂಚು ಹೀಗೆಯೇ ತಕ್ಕಡಿಗೆ ಹೋಗುತ್ತದೆ. ಅದನ್ನು ತಡೆದವರು ಎಪ್ಪತ್ತು ದಾಟಿದ ಭಜನೆಯ ಯಜಮಾನರು. ಒಡೆದ ಬಿಲ್ಲೆಯನ್ನೂ ಮನೆಯ ಒಂದು ಹಳೆಯ ಕಂಚಿನ ಗಂಗಾಳವನ್ನೂ ಗಂಟುಕಟ್ಟಿಕೊಂಡು ನನ್ನನ್ನು ಜೊತೆಗೆ ಕರೆದುಕೊಂಡು ಎರಕದವನ ಬಳಿಗೆ ಹೊರಟರು.

ಜೋಡಿಯ ಎರಡು ಬಿಲ್ಲೆಗಳು ಸಂಪೂರ್ಣವಾಗಿ ಒಂದೇ ಸ್ವರದಲ್ಲಿರುವುದು ಅಪೂರ್ವ. ಒಂದು ಸೆಕೆಂಡಿಗೆ ೨೦೦೦, ಇನ್ನೊಂದು ೨೦೦೫ ಸಲ ಕಂಪಿಸಿದರೆ ಎರಡೂ ಕೂಡಿ ನುಡಿಯುವಾಗ ನಾದವು ಸೆಕೆಂಡಿಗೆ ಐದು ಸಲ ಏರಿಳಿಯುತ್ತದೆ. ಭೌತವಿಜ್ಞಾನದಲ್ಲಿ ಇದಕ್ಕೆ ವಿಸ್ಪಂದವೆಂದು ಹೆಸರು. ಒಳ್ಳೆಯ ಜೋಡಿಯ ನಾದದಲ್ಲಿ ಕೇಳುವ ಅಲುಗಾಟ ಇದೇ. ಭೇದ ಹೆಚ್ಚಾದರೆ ಅದು ಕರ್ಕಶವಾಗುತ್ತದೆ, ಇಲ್ಲವಾದರೆ ನಾದ ಜೀವವಿಲ್ಲದಂತೆ ನಿಲ್ಲುತ್ತದೆ. ಎರಕದವನಿಗೆ ಈ ಲೆಕ್ಕ ತಿಳಿಯದಿದ್ದರೂ ಕೆಲಸ ತಿಳಿದಿತ್ತು. ಹೊಸ ಬಿಲ್ಲೆಯನ್ನು ಹಳೆಯದಕ್ಕಿಂತ ಕೂದಲೆಳೆಯಷ್ಟು ಅಗಲವಾಗಿ, ಅಂದರೆ ಸ್ವರ ಕೆಳಗಿರುವಂತೆ, ಬೇಕೆಂದೇ ಎರೆದಿದ್ದನು. ಅನಂತರ ಅಂಚನ್ನು ಅರದಿಂದ ಸ್ವಲ್ಪ ಸ್ವಲ್ಪವಾಗಿ ತೀಡುವುದು, ತಟ್ಟುವುದು, ಆಲಿಸುವುದು. ೬೦ ಮಿಲಿಮೀಟರಿನ ಬಿಲ್ಲೆಯಲ್ಲಿ ವ್ಯಾಸದ ಒಂದು ಮಿಲಿಮೀಟರ್ ತಗ್ಗಿದರೆ ಸ್ವರ ನೂರಕ್ಕೆ ಮೂರಕ್ಕಿಂತ ಹೆಚ್ಚಾಗಿ ಏರುತ್ತದೆ, ಅಂದರೆ ಅರ್ಧ ಸ್ವರಸ್ಥಾನವನ್ನೇ ದಾಟುತ್ತದೆ. ಅರದ ಒಂದೊಂದು ಎಳೆತವೂ ಲೆಕ್ಕಕ್ಕೆ ಬರುತ್ತದೆ. ಅಲುಗಾಟ ಮೊದಲು ಗಡಗಡನೆ ಇತ್ತು, ಬರಬರುತ್ತ ನಿಧಾನವಾಯಿತು. ಯಜಮಾನರು ಕಣ್ಣು ಮುಚ್ಚಿ ಗೋಡೆಗೊರಗಿ ಕುಳಿತಿದ್ದರು.

"ಸಾಕು, ಅಲ್ಲಿಗೆ ನಿಲ್ಸಪ್ಪ" ಎಂದರು.

"ಇನ್ನೂ ಒಂದೆಳೆ ಐತೆ ಯಜಮಾನ್ರೆ, ತೀಡಿದ್ರೆ ಎರಡೂ ಒಂದಾಗ್ತವೆ."

"ಒಂದಾಗೋದು ಬ್ಯಾಡ. ನಮ್ಮಪ್ಪನ ಕಾಲದಾಗೆ ಇಷ್ಟು ಅಲುಗಾಡ್ತಿತ್ತು."

ಎರಕದವನು ಅರವನ್ನು ಕೆಳಗಿಟ್ಟು, ಬಿಲ್ಲೆಯ ನಡುವಿನ ತೂತಿಗೆ ದಾರ ಪೋಣಿಸಿದನು.